ಇಪ್ಪತ್ತೊಂದು ಕರಟಗಳ ಅನ್ಯಕ್ರಾಂತ ಕೋರಿ

ಸ್ಥಳ: ಕಣಕಟ್ಟೆ, ಅರಸೀಕೆರೆ ತಾಲ್ಲೂಕು.
ದಿನ: ಧನುರ್ಮಾಸದ ಮೂರನೆಯ ಸೋಮವಾರ, ಬೆಳಿಗ್ಗೆ.
ಹವಾಮಾನ: ಮುಂಜಾನೆಯಿಂದ ದಟ್ಟ ಮಂಜು. ಹಿತ್ತಲ ತೆಂಗಿನ ಮರಗಳು ಸೊಂಟದವರೆಗೆ ಮಾತ್ರ ಹಾಜರಿದ್ದು, ಮೇಲಿನ ಭಾಗ ಗೈರುಹಾಜರಾಗಿರುತ್ತದೆ. ಸೌದೆ ಒದ್ದೆ. ಒಲೆ ಹೊತ್ತಲು ತಡವಾಗಿದೆ.

ಇಂದ,
ಸಣ್ಣಯ್ಯ ಬಿನ್ ಲೇಟ್ ದ್ಯಾವಯ್ಯ,
ವಯಸ್ಸು ಐವತ್ತೇಳು, ಅರ್ಜಿ ಬರೆಯುವ ಕೆಲಸ,
ಸ್ವಂತ ಮನೆ, ಜಗುಲಿ.

ಗೆ,
ಶ್ರೀಮತಿ ಮುದ್ದಮ್ಮನವರು ಕೋಂ ಲೇಟ್ ದ್ಯಾವಯ್ಯ,
ಮನೆಯ ಯಜಮಾನಿಯವರು ಹಾಗೂ ಅರ್ಜಿದಾರನ ತಾಯಿಯವರು,
ಅಡುಗೆಮನೆ, ಬಚ್ಚಲೊಲೆ ಮತ್ತು ಸೌದೆ ಕೊಟ್ಟಿಗೆಗಳ ಮೇಲೆ ಸಂಪೂರ್ಣ ಅಧಿಕಾರವುಳ್ಳವರು,
ಅದೇ ಮನೆ, ಒಳಗೆ.

ಮೂಲಕ: ಕುಮಾರಿ ಕಾವ್ಯಶ್ರೀ, ಮೊಮ್ಮಗಳು (ಓದಿ ಹೇಳುವ ಸಲುವಾಗಿ).

ವಿಷಯ: ಒಲೆಯ ಬಾಬ್ತು ಇರುವ ಇಪ್ಪತ್ತೊಂದು ತೆಂಗಿನ ಕರಟಗಳನ್ನು ವಾದ್ಯದ ಬಾಬ್ತಿಗೆ ಅನ್ಯಕ್ರಾಂತ ಮಾಡಿಕೊಡುವ ಬಗ್ಗೆ, ಹಾಗೂ ಧನುರ್ಮಾಸದ ಕೊನೆಯ ಬೆಳಿಗ್ಗೆ ರಂಗನಾಥಸ್ವಾಮಿ ಗುಡಿಯಲ್ಲಿ ಸದರಿ ವಾದ್ಯವನ್ನು ನುಡಿಸಲು ಅಪ್ಪಣೆ ಕೋರಿ.

ಉಲ್ಲೇಖ: ೧) ನಲವತ್ತೈದು ವರ್ಷಗಳ ಹಿಂದೆ, ರಾಗಿ ಸುಗ್ಗಿಯ ಕಾಲದಲ್ಲಿ, ಅರ್ಜಿದಾರನ ಕೊಳಲಿನ ಬಗ್ಗೆ ತಾವು ನೀಡಿದ ಮೌಖಿಕ ಭರವಸೆ: “ಸುಗ್ಗಿ ಮುಗೀಲಿ, ಕೊಡ್ತೀನಿ.”
೨) ಅದೇ ಕೊಳಲಿನ ಬಗ್ಗೆ ಮರುವರ್ಷ ತಾವು ನೀಡಿದ ಮೌಖಿಕ ಹಿಂಬರಹ: “ಅದು ಒಲೆಗೆ ಹೋಯ್ತು ಕಣ್ಲಾ.”
೩) ಮೊನ್ನೆ ಶನಿವಾರ ಬಚ್ಚಲ ಬಾಗಿಲಲ್ಲಿ ನಿಂತು ತಾವು ಹೊರಡಿಸಿದ ಆದೇಶ: “ಬರೋ ಶನಿವಾರದೊಳಗೆ ಜಗ್ಲಿ ಖಾಲಿ ಆಗ್ಬೇಕು. ಇಲ್ದಿದ್ರೆ ಅಷ್ಟೂ ಉರಿಗೆ.”

ಮಾನ್ಯ ಅವ್ವನವರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮ ಪಾದಗಳಿಗೆ ಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅರ್ಜಿದಾರನು ಅರಸೀಕೆರೆಯ ತಾಲ್ಲೂಕು ಕಚೇರಿಯ ಎದುರು, ಹೊಂಗೆ ಮರದ ಕೆಳಗೆ, ಮಡಚುವ ಮೇಜು ಹಾಕಿಕೊಂಡು ಮೂವತ್ತೊಂದು ವರ್ಷಗಳಿಂದ ಊರವರ ಅರ್ಜಿಗಳನ್ನು ಬರೆದುಕೊಡುತ್ತಿರುವುದು ತಮಗೆ ತಿಳಿದ ಸಂಗತಿಯಾಗಿರುತ್ತದೆ. ಪಹಣಿಯಲ್ಲಿ ಹೆಸರು ತಪ್ಪಿದವರು, ಹೊಲದ ದಾರಿ ಮುಚ್ಚಿಹೋದವರು, ಬದುಕಿದ್ದರೂ ಕಾಗದದಲ್ಲಿ ಸತ್ತುಹೋದವರು, ಇವರೆಲ್ಲರ ಪರವಾಗಿ “ನಾನು” ಎಂದು ಬರೆದೂ ಬರೆದೂ ಅವನ ಪಾಲಿನ “ನಾನು” ಮುಗಿದುಹೋಗಿದೆ. ಸ್ವಂತಕ್ಕೆಂದು ಈ ಮೊದಲನೆಯ ಅರ್ಜಿ ಬರೆಯಲು ಕುಳಿತಾಗ ಆ ಪದ ಕೈಗೆ ಬಾರದ ಕಾರಣ, ಇಲ್ಲಿ “ಅರ್ಜಿದಾರ” ಎಂದೇ ನಮೂದಿಸಲಾಗಿದೆ. ತಾವು ಅದನ್ನು “ನಮ್ಮ ಸಣ್ಣಯ್ಯ” ಎಂದು ಕೇಳಿಸಿಕೊಳ್ಳತಕ್ಕದ್ದು.

೨. ಕಳೆದ ಯುಗಾದಿಯ ದಿನ ಬೆಳಿಗ್ಗೆ ಅರ್ಜಿದಾರನ ಹೆಂಡತಿ ಕೆಂಪಲಕ್ಷ್ಮಮ್ಮ ಒಬ್ಬಟ್ಟಿನ ಸಾರಿಗೆಂದು ಕಾಯಿ ತುರಿದು, ಕರಟವನ್ನು ಹಿತ್ತಲಿಗೆ ಎಸೆದಳು. ಅದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು ಒಂದು ಸ್ವರ ನುಡಿಯಿತು. ಹಲ್ಲುಜ್ಜುತ್ತಾ ನಿಂತಿದ್ದ ಅರ್ಜಿದಾರನು ಬೆರಳು ಬಾಯಲ್ಲಿರುವಂತೆಯೇ ನಿಂತುಬಿಟ್ಟನು. ಗುಡಿಯ ಗಂಟೆ ಊರಿಗೆಲ್ಲ ಕೂಗಿ ಹೇಳುತ್ತದೆ, ಇದು ಹಾಗಿರಲಿಲ್ಲ. ಬೇಲಿಯಾಚೆಯಿಂದ ಬೇಕಾದವರು ಯಾರೋ ಅವನೊಬ್ಬನನ್ನೇ ಹೆಸರು ಹಿಡಿದು ಕರೆದಂತಿತ್ತು. ಕರಟವನ್ನು ಎತ್ತಿಕೊಂಡು ಮತ್ತೊಮ್ಮೆ ಕಲ್ಲಿಗೆ ತಾಗಿಸಿ ನೋಡಲಾಯಿತು. ಮತ್ತೆ ಅದೇ ಉತ್ತರ ಬಂದಿತು. ಎರಡು ಸಲ ಕೇಳಿದಾಗ ಒಂದೇ ಉತ್ತರ ಬರುವುದನ್ನು ಅರ್ಜಿದಾರನು ಮೂವತ್ತೊಂದು ವರ್ಷಗಳ ಕಚೇರಿ ಅನುಭವದಲ್ಲಿ ಕಂಡಿರದ ಕಾರಣ, ಅದನ್ನು ದೇವರ ಮಾತೆಂದೇ ನಂಬಿದನು.

೩. ಅಲ್ಲಿಂದ ಮುಂದಕ್ಕೆ ಕರಟಗಳನ್ನು ಆರಿಸಿ, ಒಳಗಿನ ನಾರು ಕೆರೆದು, ಅಂಚನ್ನು ಕಲ್ಲಿಗೆ ಉಜ್ಜಿ, ಸ್ವರಕ್ಕೆ ತರಲಾಯಿತು. ಉಜ್ಜಿದಷ್ಟೂ ಸ್ವರ ಮೇಲೇರುತ್ತದೆ. ಒಂದು ಉಜ್ಜು ಹೆಚ್ಚಾದರೆ ಮತ್ತೆ ಕೆಳಗಿಳಿಸಲು ಯಾವ ಮೇಲ್ಮನವಿಗೂ ಅವಕಾಶವಿಲ್ಲ. ಹೊಸ ಕರಟವೇ ಆಗಬೇಕು. ಹೀಗೆ ಎಂಟು ತಿಂಗಳಲ್ಲಿ, ಸಾಲಿಗೆ ಏಳರಂತೆ ಮೂರು ಸಾಲು, ಒಟ್ಟು ಇಪ್ಪತ್ತೊಂದು ಕರಟಗಳು ಹಲಗೆಯ ಮೇಲೆ ಹುಲ್ಲಿನ ಹಗ್ಗದ ಆಸನದಲ್ಲಿ ಬೋರಲು ಕುಳಿತವು. ಬಟ್ಟೆ ಸುತ್ತಿದ ಎರಡು ಕೋಲುಗಳಿಂದ ನುಡಿಸುವುದು. ಇದರ ಜೊತೆಗೆ, ಮದುವೆ ಮನೆಯ ಅಡಿಕೆ ಹಾಳೆ ತಟ್ಟೆಯನ್ನು ದೊಡ್ಡ ಕರಟದ ಬಾಯಿಗೆ ಬಿಗಿದು, ಸೈಕಲ್ಲಿನ ಬ್ರೇಕ್ ವೈರಿನಿಂದ ಒಂದು ಎಳೆ ಬಿಚ್ಚಿ ಕಟ್ಟಿದ ಒಂಟಿ ತಂತಿಯ ವಾದ್ಯವೊಂದನ್ನೂ ಮಾಡಲಾಗಿದೆ. ಅದು ಇನ್ನೂ ಅಳುತ್ತಿದೆ, ಹಾಡುತ್ತಿಲ್ಲ. ಆದ್ದರಿಂದ ಅದರ ಬಗ್ಗೆ ಪ್ರತ್ಯೇಕ ಅರ್ಜಿ ಸಲ್ಲಿಸಲಾಗುವುದು.

೪. “ಅನ್ಯಕ್ರಾಂತ” ಎಂದರೆ ಏನೆಂದು ತಾವು ಕೇಳುವಿರಿ. ರಾಗಿ ಬೆಳೆಯುವ ಹೊಲವನ್ನು ಮನೆ ಕಟ್ಟುವ ಸೈಟು ಮಾಡಬೇಕಾದರೆ ಸರ್ಕಾರ ಕೊಡುವ ಅಪ್ಪಣೆಗೆ ಆ ಹೆಸರು. ಹೊಲ ಅದೇ, ಮಣ್ಣೂ ಅದೇ. ಕಾಗದದಲ್ಲಿ ಅದರ ಕೆಲಸ ಮಾತ್ರ ಬದಲಾಗುತ್ತದೆ. ಅದರಂತೆ ಕರಟವೂ ಕರಟವಾಗಿಯೇ ಉಳಿದು, ಉರಿಯುವ ಕೆಲಸದಿಂದ ನುಡಿಯುವ ಕೆಲಸಕ್ಕೆ ಬದಲಾಗಬೇಕೆಂಬುದಷ್ಟೇ ಅರ್ಜಿದಾರನ ಕೋರಿಕೆ.

೫. ಈ ಬಗ್ಗೆ ಮನೆಯಲ್ಲಿ ಬಂದಿರುವ ತಕರಾರುಗಳನ್ನು ಏನನ್ನೂ ಮುಚ್ಚಿಡದೆ ಕೆಳಗೆ ದಾಖಲಿಸಿದೆ. ತಾವು ಹೇಳಿದ್ದು: “ಏನ್ಲಾ, ಇದನ್ನ ಮನೆ ಅನ್ಕಂಡಿದೀಯಾ, ಕರಟದ ಮಂಡಿ ಅನ್ಕಂಡಿದೀಯಾ? ದೇವ್ರು ಕಾಯಿ ಕೊಟ್ಟ ತಿನ್ನಕ್ಕೆ. ಕರಟ ಕೊಟ್ಟ ಉರಿಸಕ್ಕೆ. ಬಡಿಯಕ್ಕೆ ಅಂತ ಏನೂ ಕೊಟ್ಟಿಲ್ಲ.”

ಕೆಂಪಲಕ್ಷ್ಮಮ್ಮ ಹೇಳಿದ್ದು: “ಅಲ್ಲ ಕಣ್ರೀ, ತಾಲ್ಲೂಕು ಆಫೀಸ್ ಮುಂದೆ ನಾಲ್ಕು ಜನ ಎದ್ದು ನಿಂತು ಮಾತಾಡಿಸ್ತಾರೆ. ಮನೆಗೆ ಬಂದ್ರೆ ಮಕ್ಕಳ ಥರ ಕರಟ ಕುಟ್ಕೊಂಡು ಕೂರ್ತೀರಲ್ಲ! ನಾಳೆ ಕಾವ್ಯನ್ನ ನೋಡಕ್ಕೆ ಬಂದೋರು, ಹುಡುಗಿ ಅಪ್ಪ ಏನ್ ಮಾಡ್ತಾರೆ ಅಂತ ಕೇಳಿದ್ರೆ ನಾನು ಏನ್ ಹೇಳ್ಲಿ?”

ಆಗ ಮಗಳು ಕಾವ್ಯಶ್ರೀ ಮೊಬೈಲಿನಿಂದ ತಲೆ ಎತ್ತದೆ, “ಪರ್ಕಷನಿಸ್ಟ್ ಅಂತ ಹೇಳಮ್ಮ, ಸಖತ್ತಾಗಿರುತ್ತೆ” ಎಂದಳು. ಅದಕ್ಕೆ ತಾವು, “ಅದೇನೇ ಅದು, ಆಸ್ಪತ್ರೆಲಿ ಹೇಳೋ ಕಾಯಿಲೆ ಹೆಸರಿದ್ದಂಗೈತೆ” ಎಂದಿರಿ. ಚರ್ಚೆ ಅಲ್ಲಿಗೆ ಮುಕ್ತಾಯವಾಯಿತು.

೬. ಇದಲ್ಲದೆ, ಶ್ರಾವಣದಲ್ಲಿ ಅರ್ಜಿದಾರನು ಪರಂಗಿ ಎಲೆಯ ದಂಟಿನಿಂದ ಒಂದು ಪೀಪಿ ಮಾಡಿ ಊದುತ್ತಿದ್ದಾಗ ತಾವು ಒಳಗಿನಿಂದ, “ಊದೋ ಉಸಿರು ಅಷ್ಟೊಂದು ಇದ್ರೆ ಇಲ್ಲಿ ಬಾ, ಒಲೆ ಊದು” ಎಂದು ಕರೆದಿರಿ. ಅರ್ಜಿದಾರನು ಆದೇಶಕ್ಕೆ ತಲೆಬಾಗಿ, ತಮ್ಮ ಊದುಗೊಳವೆಯನ್ನು ತೆಗೆದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ಒಲೆ ಊದಿರುತ್ತಾನೆ. ಸದರಿ ಊದುಗೊಳವೆಯು ಬಿದಿರಿನದಾಗಿದ್ದು, ಬಾಯಿಂದ ಬಾಲದವರೆಗೆ ತಗಡು ಸುತ್ತಿಸಿಕೊಂಡು, ಮಸಿ ಹಿಡಿದು, ತುದಿ ಸುಟ್ಟು, ನೋಡಲು ಯೋಗ್ಯವಾಗಿಲ್ಲ. ಹೋದ ವರ್ಷ ಅರ್ಜಿದಾರನು ಅರಸೀಕೆರೆಯಿಂದ ಕಬ್ಬಿಣದ ಹೊಸ ಕೊಳವೆ ತಂದುಕೊಟ್ಟರೂ ತಾವು, “ಹಳೇದು ನನ್ನ ಕೈಗೆ ಹೊಂದೈತೆ” ಎಂದು ಹೊಸದನ್ನು ಕೋಳಿ ಗೂಡಿನ ಅಗುಳಿಗೆ ಬಳಸಿದಿರಿ. ಇದು ಈ ಅರ್ಜಿಗೆ ಸಂಬಂಧಿಸಿದ ಸಂಗತಿಯಲ್ಲವಾದರೂ ದಾಖಲೆಗಿರಲೆಂದು ನಮೂದಿಸಿದೆ.

೭. ಈಗ ಮುಖ್ಯ ದೂರಿಗೆ ಬರುವುದಾದರೆ: ಮೊನ್ನೆ ಶನಿವಾರ ತಮ್ಮ ಎಣ್ಣೆನೀರಿನ ದಿನ. ಇಬ್ಬನಿಗೆ ಸೌದೆ ನೆನೆದು ಉರಿ ಹಿಡಿಯದಿದ್ದ ಕಾರಣ, ತಾವು ಜಗುಲಿಗೆ ಬಂದು ಕೈಗೆ ಸಿಕ್ಕ ನಾಲ್ಕು ಕರಟಗಳನ್ನು ಮಡಿಲಿಗೆ ಹಾಕಿಕೊಂಡು ಹೋದಿರಿ. ಅವು ಮಧ್ಯದ ಸಾಲಿನ ಗಾಂಧಾರ, ಮಧ್ಯಮ, ಪಂಚಮ ಮತ್ತು ಧೈವತ. ಅರ್ಜಿದಾರನು ಕೆರೆ ಕಡೆಯಿಂದ ಬರುವಷ್ಟರಲ್ಲಿ ನಾಲ್ಕೂ ಸ್ವರಗಳು ಧಗಧಗ ಉರಿದು, ನೀರು ಕುದಿದು, ತಾವು ಮಿಂದು ತಲೆಗೆ ಬಟ್ಟೆ ಸುತ್ತಿಕೊಂಡು ಪ್ರಸನ್ನವದನರಾಗಿ ಹೊರಬಂದಿದ್ದಿರಿ.

“ಇವತ್ತು ನೀರು ಎಷ್ಟು ಚೆನ್ನಾಗಿ ಕಾದಿತ್ತು ಅಂತೀಯ ಸಣ್ಣಯ್ಯ, ಮೈಯೆಲ್ಲ ಹಗುರ ಆಯ್ತು” ಎಂದಿರಿ.

“ಅವ್ವ, ನೀನು ಮಿಂದದ್ದು ಪಂಚಮದಲ್ಲಿ” ಎಂದು ಅರ್ಜಿದಾರನು ದುಃಖದಿಂದ ತಿಳಿಸಿದನು.

“ಯಾವ ಪಂಚಮೀಲಾ? ಇವತ್ತು ಸಪ್ತಮಿ” ಎಂದಿರಿ.

ಮಾತಿಗೆ ಮಾತು ಬೆಳೆದು ಉಲ್ಲೇಖ (೩)ರ ಆದೇಶ ಹೊರಬಿದ್ದಿತು. ಈಗ ವಾದ್ಯವನ್ನು ನುಡಿಸಿದರೆ, ಮುಂದಿನ ಹಲ್ಲು ಬಿದ್ದ ಮಗು ದೇವರ ನಾಮ ಹೇಳಿದಂತೆ ಕೇಳಿಸುತ್ತದೆ.

೮. ಅರ್ಜಿದಾರನ ಹಿಂದಿನ ನಡತೆಯ ಬಗ್ಗೆ: ಅವನು ಹನ್ನೆರಡು ವರ್ಷದವನಿದ್ದಾಗ ಬಿದಿರಿನ ತುಂಡಿಗೆ ಕಾದ ಸರಳಿನಿಂದ ಬಾಯಿಗೊಂದು, ಬೆರಳಿಗೆ ಆರು ತೂತು ಕೊರೆದು ಕೊಳಲು ಮಾಡಿಕೊಂಡಿದ್ದು ನಿಜ. ಅದನ್ನು ಊದುತ್ತಾ ಕೆರೆ ಏರಿಯ ಮೇಲೆ ಕಣ್ಣುಮುಚ್ಚಿ ಕುಳಿತಿದ್ದು ನಿಜ. ಅದೇ ಹೊತ್ತಿನಲ್ಲಿ ಗೌರಿ ಎಂಬ ಹೆಸರಿನ ಹಸು ಗಿಡ್ಡಪ್ಪನವರ ರಾಗಿ ಹೊಲಕ್ಕೆ ನುಗ್ಗಿದ್ದೂ, ಅವರು ಅದನ್ನು ದೊಡ್ಡಿಗೆ ಹೊಡೆದದ್ದೂ, ಸುಗ್ಗಿಯ ಕೆಲಸ ಬಿಟ್ಟು ತಾವು ಹೋಗಿ ನಾಲ್ಕು ಜನರೆದುರು ಕೈಮುಗಿದು ಬಿಡಿಸಿಕೊಂಡು ಬಂದದ್ದೂ ನಿಜ. ಆ ಸಂಜೆ ತಾವು ಕೊಳಲನ್ನು ಕಿತ್ತುಕೊಂಡಿರಿ. “ಕೊಡವ್ವಾ” ಎಂದು ಅರ್ಜಿದಾರನು ಸೆರಗು ಹಿಡಿದಾಗ ಉಲ್ಲೇಖ (೧)ರ ಭರವಸೆ ದೊರೆಯಿತು. ಅವನು ಸುಗ್ಗಿ ಮುಗಿಯುವುದನ್ನೇ ಕಾದನು. ಕಣ ಗುಡಿಸಿ ಎತ್ತಿದ ದಿನ ಕೇಳಿದರೆ ಬರುವ ಸುಗ್ಗಿಗೆ ಎಂದಿರಿ. ಬರುವ ಸುಗ್ಗಿಗೆ ಕೇಳಿದರೆ ಉಲ್ಲೇಖ (೨)ರ ಹಿಂಬರಹ ಬಂದಿತು. ಒಲೆಗೆ ಹೋದದ್ದನ್ನು ಯಾರೂ ವಾಪಸು ಕೇಳುವಂತಿಲ್ಲವಾದ್ದರಿಂದ ಅರ್ಜಿದಾರನು ಅಂದಿನಿಂದ ಇಂದಿನವರೆಗೆ ಆ ಮಾತು ಎತ್ತಿರುವುದಿಲ್ಲ. ಈಗಲೂ ಎತ್ತುತ್ತಿಲ್ಲ. ಆ ಕೊಳಲು ಬೂದಿಯಾಗಿ, ಬೂದಿ ಗೊಬ್ಬರವಾಗಿ, ಗೊಬ್ಬರ ಯಾವುದೋ ತೆಂಗಿನ ಬುಡಕ್ಕೆ ಬಿದ್ದು, ಆ ಮರದ ಕಾಯಿಯ ಕರಟವೇ ಯುಗಾದಿಯಂದು ಕಲ್ಲಿನ ಮೇಲೆ ನುಡಿಯಿತೆಂದು ಭಾವಿಸಿ ಸಮಾಧಾನದಲ್ಲಿದ್ದಾನೆ.

೯. ಕಳೆದ ಕಾರ್ತಿಕದಲ್ಲಿ ಮಾದಿಹಳ್ಳಿಯ ನೆಂಟರ ಮನೆಯ ನಾಮಕರಣಕ್ಕೆ ಹೋದಾಗ, ಬೇಲೂರಿನಲ್ಲಿ ಚೆನ್ನಕೇಶವನ ದರ್ಶನ ಮಾಡಿ, ಹಳೇಬೀಡಿನ ಗುಡಿಯನ್ನೂ ಸುತ್ತಲಾಯಿತು. ಅಲ್ಲಿ ಗೋಡೆಯ ಮೇಲೆ ಗೋಪಾಲಕೃಷ್ಣನ ಎದುರು ತಾವು ಕೈಮುಗಿದು ನಿಂತಾಗ, ಸಮಯ ಸಾಧಿಸಿ ಅರ್ಜಿದಾರನು, “ನೋಡವ್ವ, ಅವನೂ ಊದ್ತಾ ನಿಂತವ್ನೆ. ಅವನಿಗೆ ಯಾರೂ ಬೈಯಲಿಲ್ಲ” ಎಂದನು.

ತಾವು ತಿರುಗಿಯೂ ನೋಡದೆ ಹೇಳಿದಿರಿ: “ಅವನ ದನ ಅವನ ಸುತ್ತ ನಿಂತವೆ, ಕಣ್ಣು ಬಿಟ್ಟು ನೋಡು. ನಿನ್ನ ದನ ಎಲ್ಲಿ ನಿಂತಿತ್ತು? ಗಿಡ್ಡಪ್ಪನ ರಾಗೀಲಿ.”

ಅರ್ಜಿದಾರನು ಕಣ್ಣು ಬಿಟ್ಟು ನೋಡಿದನು, ದನಗಳು ಸುತ್ತ ನಿಂತಿದ್ದುದು ನಿಜ. ಆದರೆ ಹತ್ತಿರ ಹೋಗಿ ನೋಡಲಾಗಿ, ಆ ಮೂರ್ತಿಯ ಕೊಳಲು ಎಂದೋ ಮುರಿದುಹೋಗಿತ್ತು. ತುಟಿ ಊದುವಂತೆ ಇತ್ತು, ಬೆರಳುಗಳು ಮಡಿಸಿದಂತೆ ಇದ್ದವು, ನಡುವೆ ಏನೂ ಇರಲಿಲ್ಲ. ದನಗಳು ಮಾತ್ರ ಇನ್ನೂ ಕತ್ತೆತ್ತಿ ಕೇಳುತ್ತಲೇ ಇದ್ದವು. ತಾವೂ ಹತ್ತಿರ ಬಂದು ನೋಡಿ, “ಯಾವ ಪಾಪಿಗಳೋ, ಹುಡುಗನ ಕೈಯಿಂದ ಕೊಳಲು ಕಿತ್ಕೊಂಡವ್ರಲ್ಲ” ಎಂದಿರಿ. ಆಮೇಲೆ ಬಸ್ಸು ಜಾವಗಲ್ ದಾಟುವವರೆಗೂ ಕೊಂಡ ಕಡ್ಲೆಕಾಯಿಯ ಪೊಟ್ಟಣವನ್ನು ಮಡಿಲಲ್ಲೇ ಹಿಡಿದು ಕುಳಿತಿದ್ದಿರಿ. ಒಂದನ್ನೂ ಸುಲಿಯಲಿಲ್ಲ. ಕಾರಣ ಅರ್ಜಿದಾರನಿಗೆ ತಿಳಿದುಬಂದಿರುವುದಿಲ್ಲ.

೧೦. ಧನುರ್ಮಾಸದ ಕೊನೆಯ ದಿನ, ಬೆಳಗಿನ ಪೂಜೆಯ ಹೊತ್ತಿಗೆ, ಅರ್ಚಕರಾದ ಪಾರ್ಥಸಾರಥಿಯವರು ಅರ್ಜಿದಾರನಿಗೆ ಗುಡಿಯ ಮುಖಮಂಟಪದಲ್ಲಿ ಕುಳಿತು ನುಡಿಸಲು ಒಪ್ಪಿರುತ್ತಾರೆ. ಅವರ ಮಾತುಗಳು ಹೀಗಿವೆ: “ಸ್ವಾಮಿಗೆ ಬೆಳ್ಳಿಯಾದರೇನು, ಕರಟವಾದರೇನು, ಭಕ್ತಿ ಒಂದೇ ಕಣ್ರೀ ಸಣ್ಣಯ್ಯ. ಆದರೆ ಮುದ್ದಮ್ಮನವರು ಒಪ್ಪಬೇಕು. ಅವರಿಗೆ ಬೇಡವಾಗಿದ್ದನ್ನು ನಾನು ಗುಡಿಯೊಳಗೆ ಬಿಟ್ಟುಕೊಂಡರೆ, ನಾಳೆಯಿಂದ ನನಗೆ ಮಜ್ಜಿಗೆ ಕೊಡುವವರು ಯಾರು?” ಅರ್ಚಕರ ಈ ಷರತ್ತು ಇಲ್ಲದಿದ್ದರೂ, ತಾಯಿಯ ಒಪ್ಪಿಗೆ ಇಲ್ಲದೆ ದೇವರ ಮುಂದೆ ಕೋಲು ಎತ್ತಲು ಅರ್ಜಿದಾರನಿಗೆ ಕೈ ಬರುವುದಿಲ್ಲ. ತಾಲ್ಲೂಕು, ಜಿಲ್ಲೆ, ರಾಜಧಾನಿ, ಎಲ್ಲ ಕಚೇರಿಗಳಿಗೂ ಅವನು ಕಾಗದ ಬರೆದಿದ್ದಾನೆ. ಇಷ್ಟು ಹೆದರಿ ಯಾವುದನ್ನೂ ಬರೆದಿಲ್ಲ.

ಆದ್ದರಿಂದ, ಹಾಗೂ ಮೇಲ್ಕಂಡ ಎಲ್ಲ ಕಾರಣಗಳಿಂದ, ಜಗುಲಿಯಲ್ಲಿ ಉಳಿದಿರುವ ಹದಿನೇಳು ಕರಟಗಳ ಜೊತೆಗೆ ಸೌದೆ ಕೊಟ್ಟಿಗೆಯಿಂದ ಗಟ್ಟಿಯಾದ ನಾಲ್ಕು ಕರಟಗಳನ್ನು ಸೇರಿಸಿ ಒಟ್ಟು ಇಪ್ಪತ್ತೊಂದನ್ನು ಅನ್ಯಕ್ರಾಂತ ಮಾಡಿಕೊಡಬೇಕಾಗಿಯೂ, ಆದೇಶ ಹೊರಡಿಸುವ ಮೊದಲು ತಾವು ಒಂದೇ ಒಂದು ಸಲ, ಒಂದು ಸೇರು ಹಾಲು ಒಲೆಯ ಮೇಲೆ ಉಕ್ಕಿ ಬರುವಷ್ಟು ಹೊತ್ತು, ಜಗುಲಿಗೆ ಬಂದು ಕುಳಿತು ಕೇಳಬೇಕಾಗಿಯೂ ಅರ್ಜಿದಾರನು ಬೇಡಿಕೊಳ್ಳುತ್ತಾನೆ. ಕೇಳಿದ ಮೇಲೂ ಬೇಡವೆಂದು ತಮಗೆ ಕಂಡುಬಂದಲ್ಲಿ, ಬರುವ ಶನಿವಾರ ಅಷ್ಟೂ ಕರಟಗಳನ್ನು ಅರ್ಜಿದಾರನೇ ತನ್ನ ಕೈಯಾರೆ, ಷಡ್ಜದಿಂದ ಆರಂಭಿಸಿ, ತಮ್ಮ ಬಚ್ಚಲೊಲೆಗೆ ಹಾಕತಕ್ಕದ್ದು. ಆ ಬಗ್ಗೆ ಮುಂದೆಂದೂ ತಕರಾರು ಎತ್ತುವುದಿಲ್ಲ.

ತಮ್ಮ ವಿಶ್ವಾಸಿ, ವಿಧೇಯ ಹಾಗೂ ಒಬ್ಬನೇ ಮಗ,
(ಸಹಿ) ಸಣ್ಣಯ್ಯ

ಅಡಕಗಳು:
ಅ) ಕರಟ, ಒಂದು (ಮೇಲಿನ ಸಾಲಿನ ಷಡ್ಜ, ಬೆರಳಿನಿಂದ ತಟ್ಟಿ ಪರಿಶೀಲಿಸಬಹುದು).
ಆ) ಸುಟ್ಟ ಪಂಚಮದ ಬೂದಿ, ಒಂದು ಚಿಟಿಕೆ, ಪೊಟ್ಟಣದಲ್ಲಿ.
ಇ) ಅರ್ಚಕರ ಒಪ್ಪಿಗೆ (ಮೌಖಿಕವಾದ್ದರಿಂದ ಲಗತ್ತಿಸಲು ಸಾಧ್ಯವಾಗಿಲ್ಲ).

ವಿಶೇಷ ಸೂಚನೆ: ತಾವು ಕೇಳುತ್ತಾ ಕುಳಿತಿರುವಾಗ ಹಾಲು ಉಕ್ಕಿ ಚೆಲ್ಲಿದರೆ, ಕೆಂಪಲಕ್ಷ್ಮಮ್ಮನನ್ನು ಹೊಣೆ ಮಾಡದೆ ಅರ್ಜಿದಾರನನ್ನೇ ಬೈಯಬೇಕಾಗಿ ವಿನಂತಿ.

ಷರಾ
(ಓದಿ ಹೇಳಿದವಳ ಬರಹ. ಅಪ್ಪನ ಥರಾನೇ ಬರೆಯಬೇಕೆಂದು ಅಜ್ಜಿಯ ಅಪ್ಪಣೆ.)

ಈ ಅರ್ಜಿಯನ್ನು ಇಂದು ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಓದಿ ಹೇಳಲಾಯಿತು. ಆ ಹೊತ್ತಿನಲ್ಲಿ ಅಜ್ಜಿಯವರು ಅವರೆಕಾಳು ಹಿತುಕುತ್ತಿದ್ದರು. ಅರ್ಜಿದಾರರು ಕೇಳಿಸದವರಂತೆ ಜಗುಲಿಯಲ್ಲಿ ಪೇಪರು ಹಿಡಿದು ಕುಳಿತಿದ್ದರು. ಪೇಪರು ತಲೆಕೆಳಗಾಗಿತ್ತು.

ಏಳನೆಯ ಅಂಶಕ್ಕೆ ಅಜ್ಜಿಯವರು ನಕ್ಕರು. ಎಂಟನೆಯದಕ್ಕೆ, “ಆ ಗಿಡ್ಡಪ್ಪ ಬರೀ ಬುರುಡೆ. ನಮ್ಮ ಗೌರಿ ತಿಂದಿದ್ದು ನಾಲ್ಕೇ ತೆನೆ” ಎಂದರು. ಒಂಬತ್ತನೆಯದು ಓದುವಾಗ ಅವರ ಕೈ ನಿಂತಿತು. ಮುಗಿದ ಮೇಲೆ, “ಮೊದಲಿಗೆ ಓದಿದ್ಯಲ್ಲ, ನಾನಂದಿದ್ದು. ಅದನ್ನ ಇನ್ನೊಂದ್ಸಲ ಓದು” ಎಂದರು. ಉಲ್ಲೇಖ (೨)ನ್ನು ಓದಲಾಯಿತು: “ಅದು ಒಲೆಗೆ ಹೋಯ್ತು ಕಣ್ಲಾ.”

“ಹ್ಞೂಂ, ಅದೇ ನಾನಂದಿದ್ದು. ಒಲೆಗೆ ಹೋಯ್ತು ಅಂದೆ. ಉರಿದೋಯ್ತು ಅಂದ್ನಾ?” ಎಂದು ಅಜ್ಜಿಯವರು ಜಗುಲಿಯ ಕಡೆಗೆ ಕೇಳುವಂತೆ ಹೇಳಿದರು. “ದಿನಾ ಬೆಳಗೆದ್ದು ಇಂದ, ಗೆ ಅಂತ ಬರೆಯೋನು. ‘ಗೆ’ ಅಂದ್ರೆ ಏನು ಅಂತ ಗೊತ್ತಾಗ್ಲಿಲ್ವಲ್ಲ ಇವನಿಗೆ!”

ಅನಂತರ ಅವರು ಎದ್ದು, ಒಲೆಯ ಪಕ್ಕದಿಂದ ಊದುಗೊಳವೆಯನ್ನು ತಂದು, ಈಳಿಗೆ ಮಣೆಯ ತುದಿಯಿಂದ ತಗಡಿನ ಅಂಚು ಎಬ್ಬಿಸಿ, ಸುತ್ತು ಬಿಚ್ಚಿದರು. ಒಳಗೆ ಬಿದಿರು ಜೇನಿನ ಬಣ್ಣಕ್ಕಿತ್ತು. ಅದರ ಮೇಲೆ ಸಾಲಾಗಿ ಆರು ತೂತುಗಳಿದ್ದು, ಆರಕ್ಕೂ ಅರಗು ತುಂಬಲಾಗಿತ್ತು. ಬಾಯಿ ಇಡುವ ತೂತಿಗೂ ತುಂಬಲಾಗಿತ್ತು. ಅರಗನ್ನು ಉರಿಗೆ ಹಿಡಿದು ಮೆತ್ತಗೆ ಮಾಡಿ, ಕಡ್ಡಿಯಿಂದ ಒಂದೊಂದನ್ನೇ ಅವರೇ ತೆಗೆದರು. ಅಮ್ಮ ಸಹಾಯಕ್ಕೆ ಹೋದಾಗ ಬೇಡವೆಂದರು.

ಅಜ್ಜಿಯವರ ಆದೇಶ ಈ ಕೆಳಗಿನಂತಿದೆ: ಗಟ್ಟಿ ಕರಟ ಅವನಿಗೆ, ಒಡಕು ಕರಟ ಒಲೆಗೆ. ಆರಿಸೋದು ನಾನು. ಗುಡಿಗೆ ನಾನೂ ಬರ್ತೀನಿ, ಮುಂದೆ ಕೂರ್ತೀನಿ. ಕೋಳಿ ಗೂಡಿನ ಕಬ್ಬಿಣದ ಕೊಳವೆ ಇವತ್ತೇ ತೊಳೆದು ಒಳಗೆ ತಂದಿಡೋದು.

ಆಮೇಲೆ ಜಗುಲಿಗೆ ಹೋಗಿ ಅರ್ಜಿದಾರರ ಕೈಯಿಂದ ಪೇಪರು ತೆಗೆದು ಪಕ್ಕಕ್ಕಿಟ್ಟರು.

“ನಾನೂ ದಿನಾ ಊದಿವ್ನಿ ಇದನ್ನ. ಒಂದು ದಿನಾನೂ ಸ್ವರ ಬರ್ಲಿಲ್ಲ” ಎಂದರು. “ಸುಗ್ಗಿ ಮುಗೀತು. ತಗೋ.”

ಕೊಳಲನ್ನು ಅರ್ಜಿದಾರರ ಮಡಿಲಲ್ಲಿ ಇಟ್ಟು, ಹಾಲು ಉಕ್ಕುತ್ತದೆಂದು ಒಳಗೆ ಹೋದರು.

ಸ್ವೀಕೃತಿ
ಮೇಲ್ಕಂಡ ಕೊಳಲು ಈ ದಿನ ನನಗೆ ತಲುಪಿದೆ.
ಸಣ್ಣಯ್ಯ